ರಸಮಟ್ಟದ ಬಾಯಲ್ಲಿ ಸುಳ್ಳು

ನಾನು ಒಂದು ರಸಮಟ್ಟ. ಗಾರೆ ಕೆಲಸದವರ ಚೀಲದಲ್ಲಿ ಕರಣೆ, ಸುತ್ತಿಗೆ, ತೂಕದ ಗುಂಡುಗಳ ಜೊತೆ ಮಲಗಿರುವ ಮೊಳದುದ್ದದ ಮರದ ಪಟ್ಟಿ. ನನ್ನ ನಡುವೆ ಒಂದು ಗಾಜಿನ ಕೊಳವೆ ಇದೆ. ಕೊಳವೆಯೊಳಗೆ ಹಳದಿ ನೀರು, ನೀರಿನಲ್ಲಿ ಒಂದು ಗಾಳಿಗುಳ್ಳೆ, ಗಾಜಿನ ಮೇಲೆ ಎರಡು ಕಪ್ಪು ಗೆರೆ. ಗುಳ್ಳೆ ಆ ಗೆರೆಗಳ ಮಧ್ಯೆ ನಿಂತರೆ ನನ್ನ ಕೆಳಗಿರುವುದು ಮಟ್ಟವಾಗಿದೆ ಎಂದು ಅರ್ಥ. ಸರಿದರೆ ಆಗಿಲ್ಲ. ನನಗೆ ಬರುವುದು ಈ ಎರಡೇ ಮಾತು. ಎರಡನ್ನೂ ಒಂದು ಕಾಲದಲ್ಲಿ ನಂಬುತ್ತಿದ್ದರು.

ಈಗ ನಂಬುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸಿಟ್ಟಿನಲ್ಲೇ ಹೇಳುತ್ತೇನೆ, ಸಿಹಿಯಾಗಿ ಹೇಳಲು ನನಗೆ ಆಗುವುದಿಲ್ಲ.

ನಾನು ಹುಟ್ಟಿದ್ದು ಬಾಗಿಲಿನ ಚೌಕಟ್ಟಿಗೆ ಕೊಯ್ದು ಉಳಿದ ತೇಗದ ತುಂಡಿನಿಂದ. ಆ ಕಾಲಕ್ಕೆ ಅಲ್ಯೂಮಿನಿಯಂ ಪಟ್ಟಿಗಳು ಬಂದಿರಲಿಲ್ಲ. ಬಡಗಿಯೊಬ್ಬ ನನ್ನನ್ನು ಕೀಸಿ ನುಣುಪು ಮಾಡಿದ, ಎರಡೂ ತುದಿಗೆ ಹಿತ್ತಾಳೆಯ ತಗಡು ಹೊಡೆದ. ಅಲ್ಲಿಯವರೆಗೆ ನಾನು ಬರೀ ಮರ. ಮೈ ನಡುವೆ ಕೊರೆದ ಗುಳಿಯಲ್ಲಿ ಬಿಳಿ ಪ್ಲಾಸ್ಟರು ಮೆತ್ತಿ ಗಾಜಿನ ಕೊಳವೆ ಕೂರಿಸಿದಾಗ ಜೀವ ಬಂತು. ಅವನು ನನ್ನನ್ನು ಒಂದು ಕಲ್ಲಿನ ಮೇಲಿಟ್ಟು ಗುಳ್ಳೆ ನೋಡಿದ. ಆಮೇಲೆ ನನ್ನ ಬಲತುದಿ ಎಡಕ್ಕೆ ಬರುವಂತೆ ತಿರುಗಿಸಿ ಅದೇ ಜಾಗದಲ್ಲಿಟ್ಟು ಮತ್ತೆ ನೋಡಿದ. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಂತರೆ ರಸಮಟ್ಟ ನಿಜ ಹೇಳುತ್ತಿದೆ ಎಂದು ತಿಳಿಯಬೇಕು. ತಿರುಗಿಸಿದಾಗ ಬೇರೆ ಕಡೆ ಓಡಿದರೆ ಸುಳ್ಳು ಹೇಳುತ್ತಿದೆ. ಪ್ಲಾಸ್ಟರು ಗಟ್ಟಿಯಾಗುವ ತನಕ ಅವನು ನನ್ನನ್ನು ಹೀಗೆ ತಿರುಗಿಸುತ್ತಲೇ ಇದ್ದ. ಅವನ ಹೆಸರು ನನಗೆ ಗೊತ್ತಿಲ್ಲ. ಅವನಷ್ಟು ಮರ್ಯಾದೆಯಿಂದ ನನ್ನನ್ನು ಮುಟ್ಟಿದವರು ಮುಂದೆ ಇಬ್ಬರೇ.

ಒಬ್ಬ ಸಣ್ಣೀರಯ್ಯ. ತುಮಕೂರಿನ ಹಾರ್ಡ್‌ವೇರ್ ಅಂಗಡಿಯಿಂದ ನನ್ನನ್ನು ಕೊಂಡು ತಂದ ಗಾರೆ ಮೇಸ್ತ್ರಿ. ಸಂಜೆ ಕೆಲಸ ಬಿಟ್ಟ ಮೇಲೆ ಮೊದಲು ನನ್ನನ್ನು ಒರೆಸಿ, ಆಮೇಲೆ ತನ್ನ ಮುಖ ತೊಳೆದುಕೊಳ್ಳುತ್ತಿದ್ದ. ಅವನ ಜೊತೆ ನಾನು ಶಾಲೆಯ ಗೋಡೆ ನೋಡಿದೆ, ನೀರಿನ ತೊಟ್ಟಿ ನೋಡಿದೆ, ಊರಿನ ಎಷ್ಟೋ ಜನ ಇವತ್ತಿಗೂ ಕೂರುವ ಜಗಲಿಗಳನ್ನು ನೋಡಿದೆ. ಮಂಡಿ ನೋವಿಗೆ ಅವನು ಕೆಲಸ ಬಿಟ್ಟಾಗ, ತನ್ನ ಕೈಕೆಳಗೆ ಕಲಿತ ಮುದ್ದರಂಗಯ್ಯನನ್ನು ಕರೆಸಿ ನನ್ನನ್ನು ಅವನ ಕೈಗಿಟ್ಟ. ದಿನಾ ಬೆಳಿಗ್ಗೆ ತಿರುಗಿಸಿ ನೋಡದೆ ಕೆಲಸ ಶುರು ಮಾಡಬೇಡ ಎಂದಷ್ಟೇ ಹೇಳಿದ.

ಮುದ್ದರಂಗಯ್ಯ ಆ ಮಾತನ್ನು ಒಂದು ದಿನವೂ ತಪ್ಪಿಸಲಿಲ್ಲ. ಕೆಲಸದ ಜಾಗಕ್ಕೆ ಬಂದು, ಅಂಗಿ ಕಳಚಿ ಮೊಳೆಗೆ ತಗುಲಿಸಿ, ನನ್ನನ್ನು ಕಿಟಕಿಯ ಕಲ್ಲಿನ ಮೇಲಿಟ್ಟು ನೋಡುವುದು, ತಿರುಗಿಸಿಟ್ಟು ನೋಡುವುದು, ಆಮೇಲೆ ಬೀಡಿ. ಗಾರೆ ಕೆಲಸ ಕಮ್ಮಿಯಾಗಿ ಟೈಲ್ಸ್ ಕೆಲಸ ಬಂತು, ಅದನ್ನೂ ಕಲಿತ. ಅವನ ಹೆಂಡತಿ ಚೌಡಮ್ಮ ಜೊತೆಗೇ ಬಂದು ಸಿಮೆಂಟು ಕಲಸಿಕೊಡುತ್ತಿದ್ದಳು, ಟೈಲ್ಸ್ ಸಂದುಗಳಿಗೆ ಬಿಳಿ ಸಿಮೆಂಟು ತುಂಬುತ್ತಿದ್ದಳು. ಗಂಡ ಕಮ್ಮಿ ಮಾತಿನವನು. ಇಬ್ಬರ ಪಾಲಿನದ್ದನ್ನೂ ಅವಳೇ ಆಡುತ್ತಿದ್ದಳು. ಮುದ್ದರಂಗಯ್ಯ ಹಾಕಿದ ಬಚ್ಚಲಿನಲ್ಲಿ ಒಂದು ಚೆಂಬು ನೀರು ಚೆಲ್ಲಿದರೆ, ಅದು ಯಾರನ್ನೂ ಕೇಳದೆ ನೇರ ಮೂಲೆಯ ನೀರಿಳಿಯುವ ಜಾಲಿಗೆ ಹೋಗಿ ಇಳಿಯುತ್ತದೆ ಎಂದು ಕಂಟ್ರಾಕ್ಟರುಗಳೇ ಹೇಳುತ್ತಿದ್ದರು. ನೀರು ಇಳಿಯಲು ಕೊಡುವ ಆ ಸಣ್ಣ ಇಳಿಜಾರಿಗೆ ನಮ್ಮವರು ವಾಟ ಎನ್ನುತ್ತಾರೆ. ವಾಟ ಕೊಡುವುದರಲ್ಲಿ ಅವನಿಗೆ ಹೆಸರಿತ್ತು. ಆ ಹೆಸರಿನಲ್ಲಿ ನನ್ನದೂ ಪಾಲಿತ್ತು, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಊರಾಚೆಯ ಹೊಸ ಬಡಾವಣೆಯಲ್ಲಿ ವಿಮಲಾಕ್ಷಮ್ಮ ಎಂಬವರ ಮನೆ ಕೆಲಸ ಬಂತು. ಆಕೆ ನರ್ಸು. ವಯಸ್ಸಾದ ತಾಯಿ ವಾಕರ್ ಹಿಡಿದು ಓಡಾಡುತ್ತಾರೆ, ಬಾಡಿಗೆ ಮನೆಯ ಬಚ್ಚಲಿನಲ್ಲಿ ಒಮ್ಮೆ ಜಾರಿಬಿದ್ದು ಸೊಂಟ ಮುರಿದುಕೊಂಡವರು. ಆಕೆ ಬಂದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ: ಬಚ್ಚಲಲ್ಲಿ ಒಂದು ತೊಟ್ಟು ನೀರೂ ನಿಲ್ಲಬಾರದು. ಕಂಟ್ರಾಕ್ಟರ್ ಶಾಂತವೀರಪ್ಪ, ನಮ್ಮ ಮುದ್ದರಂಗಯ್ಯನ ಕೈಲಿ ಹಾಕಿಸ್ತೀನಿ ಬಿಡಿ ಎಂದು ಎದೆಯ ಮೇಲೆ ಕೈಯಿಟ್ಟಿದ್ದ. ಕೆಳಗಿನ ಬಚ್ಚಲು ಚೆನ್ನಾಗಿ ಬಂದರೆ ಮಹಡಿಯ ಅಷ್ಟೂ ನೆಲದ ಕೆಲಸ ಮುದ್ದರಂಗಯ್ಯನಿಗೇ ಎಂದೂ ಮಾತಾಗಿತ್ತು. ಮಳೆಗಾಲ ಕಳೆಯುವವರೆಗೆ ಗಂಡ ಹೆಂಡಿರಿಗೆ ಬೇರೆ ಕಡೆ ಅಲೆಯುವುದು ತಪ್ಪುತ್ತಿತ್ತು.

ಅಲ್ಲೇ ಕೆಲಸಕ್ಕಿದ್ದವನು ನಾಗಭೂಷಣ. ಭೂಷಣ ಎಂದು ಕರೆಯುತ್ತಿದ್ದರು. ಒಳ್ಳೆಯ ಕೆಲಸಗಾರ, ನಗುಮುಖದವನು, ಮುದ್ದರಂಗಯ್ಯನನ್ನು ಬಾಯ್ತುಂಬ ಅಣ್ಣ ಎನ್ನುವವನು, ಚೌಡಮ್ಮನ ಬುತ್ತಿಯಲ್ಲಿ ಹುಚ್ಚೆಳ್ಳು ಚಟ್ನಿ ಇದ್ದರೆ ಕೇಳದೆಯೇ ಕೈ ಹಾಕುವವನು. ಕೆಟ್ಟವನಾಗಿದ್ದರೆ ನನ್ನ ಸಿಟ್ಟಿಗೆ ಒಂದು ದಾರಿಯಾದರೂ ಇರುತ್ತಿತ್ತು. ಆ ಮನೆಯ ಅಡುಗೆಕಟ್ಟೆಗೆ ಗ್ರಾನೈಟ್ ಕೂರಿಸಿದ್ದು ಅವನೇ. ಕಟ್ಟೆ ಒರೆಸಿದ ನೀರು ತಾನಾಗಿ ಸಿಂಕಿಗೆ ಹೋಗಲಿ ಎಂದು ಸಿಂಕಿನ ಕಡೆಗೆ ಒಂದಿಷ್ಟು ವಾಟ ಕೊಟ್ಟು ಕೂರಿಸಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಅವನು ಮರೆತ.

ಅವತ್ತು ಮಧ್ಯಾಹ್ನ ಮುದ್ದರಂಗಯ್ಯ ಮತ್ತು ಚೌಡಮ್ಮ ಹೊರಗೆ ಜಲ್ಲಿ ರಾಶಿಯ ಪಕ್ಕ ಊಟಕ್ಕೆ ಕೂತಿದ್ದರು. ಬಚ್ಚಲಿನ ನೆಲ ಅರ್ಧ ಮುಗಿದಿತ್ತು. ಭೂಷಣನಿಗೆ ಅಡುಗೆಮನೆ ಕಿಟಕಿಯ ಕಲ್ಲಿನ ಮಟ್ಟ ನೋಡಬೇಕಿತ್ತು, ಅವನ ರಸಮಟ್ಟ ಅವನ ಮನೆಯಲ್ಲೇ ಉಳಿದಿತ್ತು. ಚೀಲಕ್ಕೆ ಕೈ ಹಾಕಿ ನನ್ನನ್ನು ತೆಗೆದುಕೊಂಡ. ಕೇಳಿದ್ದರೆ ಮುದ್ದರಂಗಯ್ಯ ಇಲ್ಲ ಎನ್ನುತ್ತಿರಲಿಲ್ಲ. ಕಿಟಕಿ ನೋಡಿ ಮುಗಿಸಿ ನನ್ನನ್ನು ಮೇಲೆ, ಸಜ್ಜೆಯ ಅಂಚಿನಲ್ಲಿಟ್ಟ. ಫೋನು ಬಂತು. ಮಾತಾಡುತ್ತಾ ತಿರುಗಿದವನ ಕೈ ತಗುಲಿ ನಾನು ಬಿದ್ದೆ. ಅಡುಗೆಕಟ್ಟೆಯ ಅಂಚಿಗೆ ಒಮ್ಮೆ, ನೆಲಕ್ಕೆ ಇನ್ನೊಮ್ಮೆ.

ಬೀಳುವುದು ಯಾರ ಕೈಲಾದರೂ ಆಗುತ್ತದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಮುಂದೆ ಕೇಳಿ.

ಗಾಜು ಒಡೆಯಲಿಲ್ಲ, ಆದರೆ ಪ್ಲಾಸ್ಟರಿನಿಂದ ಕಿತ್ತು ಬಂದು ಗುಳಿಯಲ್ಲಿ ಅಲ್ಲಾಡುತ್ತಿತ್ತು. ಭೂಷಣ ನನ್ನನ್ನೆತ್ತಿ ನೋಡಿದ. ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಪ್ಲಂಬರ್ ಪೈಪಿಗೆ ಮೆತ್ತಿ ಬಿಟ್ಟುಹೋದ ಅಂಟು ಅಲ್ಲೇ ಸಿಂಕಿನ ಬಳಿ ಇತ್ತು. ಅದನ್ನೇ ನಾದಿ, ಗುಳಿಗೆ ತುಂಬಿ, ನನ್ನನ್ನು ಅಡುಗೆಕಟ್ಟೆಯ ಮೇಲೆ ಮಲಗಿಸಿ, ಗುಳ್ಳೆ ಎರಡು ಗೆರೆಗಳ ಮಧ್ಯೆ ಬರುವವರೆಗೆ ಗಾಜನ್ನು ಹೆಬ್ಬೆರಳಿನಲ್ಲಿ ಒತ್ತಿ ಸರಿಪಡಿಸಿದ. ತಾನೇ ಕೂರಿಸಿದ ಕಟ್ಟೆ, ಇದಕ್ಕಿಂತ ಮಟ್ಟವಾದದ್ದು ಈ ಮನೆಯಲ್ಲಿ ಏನಿದೆ ಎಂಬ ನಂಬಿಕೆ. ಕೈ ವಾಟ ಕೊಟ್ಟಿದ್ದನ್ನು ತಲೆ ಮರೆತಿತ್ತು. ಸಿಂಕಿಗೆ ಇಳಿಯುವ ಇಳಿಜಾರನ್ನೇ ನನಗೆ ಮಟ್ಟ ಎಂದು ಕಲಿಸಿ ಗಟ್ಟಿ ಮಾಡಿಬಿಟ್ಟ. ಒಂದೇ ಒಂದು ಸಲ ತಿರುಗಿಸಿ ಇಟ್ಟು ನೋಡಿದ್ದರೆ ಸಾಕಿತ್ತು. ಅದೂ ಬೇಡ, ಹೊರಗೆ ಹೋಗಿ, ಅಣ್ಣ, ಬಿತ್ತು, ಅಂಟಿಸಿದ್ದೀನಿ, ಒಂಚೂರು ನೋಡ್ಕೋ ಅಂದಿದ್ದರೆ ಸಾಕಿತ್ತು. ಅವನು ನನ್ನನ್ನು ಅಂಗಿಯ ತುದಿಯಲ್ಲಿ ಒರೆಸಿ, ಚೀಲದಲ್ಲಿ ಮೊದಲಿದ್ದ ಹಾಗೇ ಇಟ್ಟು ಕೈತೊಳೆಯಲು ಹೋದ.

ಊಟ ಮುಗಿಸಿ ಬಂದ ಮುದ್ದರಂಗಯ್ಯ ಉಳಿದರ್ಧ ನೆಲಕ್ಕೆ ಕೂತ. ಬೆಳಿಗ್ಗೆ ತಿರುಗಿಸಿ ನೋಡಿದ್ದಾಗಿತ್ತು. ಅದೇ ದಿನ ಮತ್ತೆ ನೋಡುವ ರೂಢಿ ಯಾರಿಗೂ ಇಲ್ಲ, ಅವನಿಗೂ ಇರಲಿಲ್ಲ. ಟೈಲ್ಸ್ ಇಡುತ್ತಾನೆ, ನನ್ನನ್ನು ಅದರ ಮೇಲೆ ಇಡುತ್ತಾನೆ, ಗುಳ್ಳೆ ನೋಡುತ್ತಾನೆ, ತಟ್ಟುತ್ತಾನೆ. ಒಂದು ಕಡೆ ಕೈ ನಿಲ್ಲಿಸಿ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದ.

"ಯಾಕೋ ಕಣ್ಣಿಗೆ ಸರಿ ಕಾಣಲ್ವಲ್ಲೇ."

"ರಸಮಟ್ಟ ಏನಂತದೆ?" ಎಂದಳು ಚೌಡಮ್ಮ, ಸಿಮೆಂಟು ಕಲಸುತ್ತಾ.

"ಸರಿ ಐತೆ ಅಂತದೆ."

"ಮತ್ತೆ? ಅದಕ್ಕಿಂತ ನಿನ್ ಕಣ್ಣು ದೊಡ್ಡದಾ?"

ಅವನು ತನ್ನ ಕಣ್ಣನ್ನು ಬಿಟ್ಟು ನನ್ನನ್ನು ನಂಬಿದ. ನನ್ನ ಇಷ್ಟು ವರ್ಷಗಳ ಬಾಳಿನಲ್ಲಿ ನನಗೆ ಆದ ಅತಿ ದೊಡ್ಡ ಅವಮಾನ ಆ ಗಳಿಗೆಯದು. ಕೂಗಿ ಹೇಳಲು ನನಗೆ ಬಾಯಿಲ್ಲ. ಇದ್ದ ಒಂದು ಬಾಯಿ ಆ ಗುಳ್ಳೆ, ಅದರಲ್ಲಿ ಇನ್ನೊಬ್ಬನ ಅಂಟು ಸೇರಿತ್ತು.

ಮಾರನೆಯ ಬೆಳಿಗ್ಗೆ ಅಂಗಿ ಮೊಳೆಗೆ ತಗುಲಿಸಿ ನನ್ನನ್ನು ಕಿಟಕಿಯ ಕಲ್ಲಿನ ಮೇಲಿಟ್ಟ. ತಿರುಗಿಸಿಟ್ಟ. ಗುಳ್ಳೆ ಆ ಕಡೆ ಓಡಿತು. ಮತ್ತೆ ತಿರುಗಿಸಿದ, ಈ ಕಡೆ ಓಡಿತು. ನನ್ನನ್ನು ಕಣ್ಣ ಹತ್ತಿರ ತಂದು ಗಾಜಿನ ಸುತ್ತಲಿದ್ದ ಬೂದು ಬಣ್ಣದ ಅಂಟನ್ನು ಉಗುರಿನಲ್ಲಿ ಮುಟ್ಟಿದ. ಬೀಡಿ ಹಚ್ಚಲಿಲ್ಲ. ಬಚ್ಚಲಿಗೆ ಹೋಗಿ ಒಂದು ಮಗ್ಗು ನೀರು ಚೆಲ್ಲಿದ. ನೀರು ಸ್ವಲ್ಪ ಹೊತ್ತು ಎತ್ತ ಹೋಗಲಿ ಎಂದು ಯೋಚಿಸಿದ ಹಾಗೆ ನಿಂತು, ಜಾಲಿಗೆ ಬೆನ್ನು ಹಾಕಿ, ನಿಧಾನವಾಗಿ ಬಾಗಿಲ ಕಡೆ ಬಂತು. ವಾಕರ್ ಹಿಡಿದ ಮುದುಕಿ ಮೊದಲ ಹೆಜ್ಜೆ ಇಡುವ ಜಾಗಕ್ಕೆ.

ಆ ನೀರು ಒಣಗುವ ಮೊದಲೇ ಶಾಂತವೀರಪ್ಪನ ಬೈಕು ಬಂತು. ಹಿಂದೆಯೇ ವಿಮಲಾಕ್ಷಮ್ಮನ ಸ್ಕೂಟರು. ಆಕೆ ಬಾಗಿಲಲ್ಲಿ ನಿಂತ ನೀರನ್ನು ನೋಡಿ ಏನೂ ಕೂಗಾಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು, ನಾನು ಇದೊಂದನ್ನೇ ಕೇಳಿದ್ದು ಅಲ್ವಾ ಎಂದರು. ಕೂಗಾಡಿದ್ದು ಶಾಂತವೀರಪ್ಪ. ಮುದ್ದರಂಗಯ್ಯ, ರಸಮಟ್ಟ ಕೆಟ್ಟೈತೆ ಸ್ವಾಮಿ ಎಂದು ನನ್ನನ್ನು ಮುಂದೆ ಹಿಡಿದ. ಶಾಂತವೀರಪ್ಪ ನನ್ನತ್ತ ನೋಡಲೂ ಇಲ್ಲ.

"ಕೆಟ್ಟಿರೋದು ರಸಮಟ್ಟ ಅಲ್ಲ ಕಣಯ್ಯ, ನಿನ್ ಕಣ್ಣು. ವಯಸ್ಸಾದ್ಮೇಲೆ ಮನೇಲಿ ಕೂತ್ಕೊಂಡು ಮೊಮ್ಮಕ್ಕಳನ್ನ ಆಡಿಸ್ಬೇಕು."

ಕಿತ್ತು ಹೊಸದಾಗಿ ಹಾಕುವ ಖರ್ಚೆಲ್ಲ ಮುದ್ದರಂಗಯ್ಯನದೇ ಎಂದ. ಮಹಡಿಯ ಕೆಲಸ ಭೂಷಣನಿಗೆ ಎಂದ. ವಿಮಲಾಕ್ಷಮ್ಮ, ಚೌಡಮ್ಮ, ಪ್ಲಂಬರು, ಬಣ್ಣದವರು, ಅಷ್ಟೂ ಜನರ ಎದುರಿಗೆ ಹೇಳಿದ. ಭೂಷಣ ಅಲ್ಲೇ ಇದ್ದ, ಅಡುಗೆಮನೆಯ ಬಾಗಿಲಿಗೆ ಒರಗಿ. ಅವನು ನನ್ನನ್ನು ನೋಡಿದ, ನೆಲವನ್ನು ನೋಡಿದ, ಬಾಯಿ ತೆರೆದ. ಮುಚ್ಚಿಕೊಂಡ.

ಸಂಜೆ ಡ್ರಮ್ಮಿನ ಬಳಿ ಕರಣೆ ತೊಳೆಯುವಾಗ ಅವನಾಗಿಯೇ ಬಂದ. ಅಣ್ಣ, ನನ್ನಿಂದ ಬಿತ್ತು, ಬೇಕು ಅಂತ ಮಾಡಿದ್ದಲ್ಲ ಎಂದ. ಮುದ್ದರಂಗಯ್ಯನಿಗೆ ಆಗಲೇ ಅರ್ಧ ತಿಳಿದಿತ್ತು. ಗಾಜನ್ನು ಯಾವುದರ ಮೇಲಿಟ್ಟು ಕೂರಿಸಿದೆ ಎಂದು ಕೇಳಿದ.

"ಅಡುಗೆಕಟ್ಟೆ ಮೇಲೆ ಅಣ್ಣ. ನಾನೇ ಹಾಕಿದ್ದು, ಕರೆಕ್ಟಾಗಿ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ. ಅವನ ಮುಖದಲ್ಲಿ ಆ ಕಟ್ಟೆಯ ವಾಟ ನಿಧಾನವಾಗಿ ಇಳಿಯುವುದು ಕಂಡಿತು.

"ನಿನ್ ಕೈಯಾರೆ ಸಿಂಕಿಗೆ ಇಳಿಸಿದ್ಯಲ್ಲಪ್ಪ ಅದನ್ನ" ಎಂದು ಮುದ್ದರಂಗಯ್ಯ ಮೆಲ್ಲಗೆ ಹೇಳಿ ಕರಣೆ ಒರೆಸಿದ. ಬೈಯಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಬೈಯಬಾರದಾ? ಇಷ್ಟು ತಾಳ್ಮೆ ಯಾರಿಗಾಗಿ? ತಾಳ್ಮೆಯವನನ್ನು ಕಂಡರೆ ಊರಿಗೆಲ್ಲ ಸಲೀಸು. ಇವನು ಹೇಗೂ ನುಂಗಿಕೊಳ್ಳುತ್ತಾನೆ ಎಂದು ಇನ್ನೊಂದು ತುತ್ತು ಮುಂದಿಡುತ್ತಾರೆ.

ಮಾರನೆಯ ದಿನ ಭೂಷಣ ಹೊಸ ರಸಮಟ್ಟ ತಂದ. ನನಗಿಂತ ಉದ್ದ, ಅಲ್ಯೂಮಿನಿಯಂ ಮೈ, ಮೂರು ಗಾಜು, ಪ್ಲಾಸ್ಟಿಕ್ ಕವರು. ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಪ್ಲಂಬರು, ಮುರಕಲು ಹೋಗಿ ಮಿರಿಮಿರಿ ಬಂತು, ನಿಂದೇ ಲಾಭ ರಂಗಣ್ಣ, ನಂಗೂ ಒಂದು ಹೊಸ ಪಾನಾ ತಂದ್ಕೊಡೋ ಭೂಷಣ ಎಂದು ನಗಿಸಿದ. ಟೈಲ್ಸ್ ದುಡ್ಡನ್ನೂ ತಾನೇ ಹಾಕುತ್ತೇನೆ, ಕಿತ್ತು ಹಾಕುವ ಕೆಲಸಕ್ಕೂ ಜೊತೆಗೆ ಬರುತ್ತೇನೆ ಎಂದ ಭೂಷಣ, ಮುದ್ದರಂಗಯ್ಯನ ಕಿವಿಯ ಹತ್ತಿರ, ಬೇರೆಯವರಿಗೆ ಕೇಳಿಸದ ಹಾಗೆ. ಇದಕ್ಕಿಂತ ನ್ಯಾಯ ಇನ್ನೇನಿದೆ ಎಂದು ಅವನ ಮುಖ ಹೇಳುತ್ತಿತ್ತು. ಎಲ್ಲರಿಗೂ ಕಾಣುವ ಹಾಗೆ ಕೊಟ್ಟದ್ದು ಹೊಳೆಯುವ ಪಟ್ಟಿ. ಕಿವಿಯಲ್ಲಿ ಹೇಳಿದ್ದು ತಪ್ಪು. ನೋಡಿ, ಇಲ್ಲಿದೆ ಇದರ ಓರೆ. ನಾನು ಕೆಟ್ಟ ರಸಮಟ್ಟವಾದರೂ ಇದು ನನಗೆ ಕಾಣಿಸಿತು.

ಮುದ್ದರಂಗಯ್ಯ ಕವರು ಬಿಚ್ಚಲಿಲ್ಲ. ಹೊಸ ಪಟ್ಟಿಯನ್ನು ಅಂಗಿ ತಗುಲಿಸುವ ಮೊಳೆಗೇ ನೇತುಹಾಕಿದ. ಜನ ಚದುರಿದ ಮೇಲೆ ಅವನು ಆಡಿದ್ದು, ನಾನು ಅವನ ಬಾಯಲ್ಲಿ ಕೇಳಿದ ಅತಿ ಉದ್ದನೆಯ ಮಾತು.

"ಪಟ್ಟಿಗೆ ಪಟ್ಟಿ ಆಯ್ತು. ನೆಲಕ್ಕೆ ನೆಲನೂ ಆಯ್ತದೆ. ನನ್ ಕಣ್ಣು ಹೋಗೈತೆ ಅಂದ್ರಲ್ಲ, ಅದಕ್ಕೇನು ತಂದಿದ್ದೀಯ? ಯಾರ ಮುಂದೆ ಆ ಮಾತು ಬಂತೋ ಅವರ ಮುಂದೆನೇ ನೀನು ಹೇಳ್ಬೇಕು. ಅಲ್ಲೀಗಂಟ ಇದು ನಂದಲ್ಲ."

ಭೂಷಣನ ಮುಖ ಕಪ್ಪಿಟ್ಟಿತು. ಹೇಳಿದರೆ ಮಹಡಿಯ ಕೆಲಸ ಹೋಗುತ್ತದೆ. ಅವನೂ ಮನೆಯಲ್ಲಿ, ಆ ಕೆಲಸ ಸಿಕ್ಕಿತು ಎಂದು ಹೇಳಿಕೊಂಡಾಗಿತ್ತು. ಅಣ್ಣ, ಸ್ವಲ್ಪ ದಿನ ಹೋಗಲಿ, ಸಮಯ ನೋಡಿ ಹೇಳ್ತೀನಿ ಎಂದ. ಚೌಡಮ್ಮ ಬಾಂಡ್ಲಿಯನ್ನು ನೆಲಕ್ಕೆ ಕುಕ್ಕಿದಳು.

"ಸಮಯ ಯಾಕ್ ನೋಡ್ತೀಯಪ್ಪ? ಬೀಳ್ಸೋವಾಗ ಪಂಚಾಂಗ ನೋಡಿದ್ಯಾ?"

ಆಮೇಲಿನ ದಿನಗಳಲ್ಲಿ ಮುದ್ದರಂಗಯ್ಯ ಕೆಳಗಡೆ ಉಳಿದಿದ್ದ ಸಣ್ಣಪುಟ್ಟ ಕೆಲಸವನ್ನು ರಸಮಟ್ಟವಿಲ್ಲದೆ ಮಾಡಿದ. ಒಳಗಿನದು ಕಣ್ಣಿಗೆ ಕಾಣುವಂಥ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ ಒಂದು ತುದಿ ಅವನು, ಇನ್ನೊಂದು ತುದಿ ಚೌಡಮ್ಮ ಹಿಡಿಯುವುದು. ಎರಡು ಕಡೆಯ ನೀರೂ ಒಂದೇ ಎತ್ತರಕ್ಕೆ ನಿಲ್ಲುವವರೆಗೆ ಏರಿಸುವುದು, ಇಳಿಸುವುದು. ಹಳೆಯ ಪದ್ಧತಿ, ಮೋಸವಿಲ್ಲ, ಆದರೆ ಸಾವಕಾಶ. ಬಗ್ಗಿ ಬಗ್ಗಿ ಚೌಡಮ್ಮನಿಗೆ ಸೊಂಟ ಹಿಡಿದುಕೊಂಡಿತು. ಹೋದವರು ಬಂದವರೆಲ್ಲ ಮೊಳೆಗೆ ನೇತಾಡುವ ಹೊಸ ಪಟ್ಟಿ ನೋಡಿ, ಎಂಥಾ ಜಂಬ ಮುದುಕನಿಗೆ ಎಂದರು. ಅವನಿಗೆ ಜಂಬವಂತೆ! ಕಳೆದುಕೊಂಡವನು ತನಗೆ ಬರಬೇಕಾದ್ದನ್ನು ಪೂರ್ತಿ ಕೇಳಿದರೆ ಜಂಬ. ಕೆಡಿಸಿದವನು ತನಗೆ ಅನುಕೂಲವಾದಷ್ಟನ್ನು ಕೊಟ್ಟರೆ ದೊಡ್ಡತನ. ಈ ಲೆಕ್ಕ ಹಾಕಿದವರ ಮನೆಯ ಬಚ್ಚಲು ನನಗೆ ನೋಡಬೇಕಾಗಿದೆ.

ಬಚ್ಚಲು ಕೀಳುವ ದಿನ ಭೂಷಣ ಹೇಳಿದ ಹಾಗೇ ಬಂದ. ಹೊಸ ಟೈಲ್ಸ್ ತಂದಿದ್ದ. ಉಳಿ ಸುತ್ತಿಗೆ ಹಿಡಿದು ಕೂತವನು ತಲೆಯೆತ್ತದೆ ಒಡೆದ. ಚೂರು ಹಾರಿ ಕೈ ಕೊಯ್ದರೂ ನಿಲ್ಲಿಸಲಿಲ್ಲ. ಮುದ್ದರಂಗಯ್ಯ ಪಕ್ಕದಲ್ಲಿ ಕೂತು ಒಡೆದದ್ದನ್ನು ಎತ್ತಿ ಬಾಂಡ್ಲಿಗೆ ಹಾಕುತ್ತಿದ್ದ. ನಾನು ಬಾಗಿಲ ಬಳಿ ತೆರೆದ ಚೀಲದಲ್ಲಿದ್ದೆ. ಇವನು ಇಷ್ಟು ಬೆವರು ಸುರಿಸುತ್ತಿರುವುದಂತೂ ನಿಜ ಎಂದು ನನ್ನ ಸಿಟ್ಟೂ ಒಂದಿಷ್ಟು ಸಡಿಲವಾಗುತ್ತಿತ್ತು.

ಆಗ ವಿಮಲಾಕ್ಷಮ್ಮ ಡ್ಯೂಟಿ ಮುಗಿಸಿ ಬಂದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಕೈಯಲ್ಲಿ ರಕ್ತ ಒಸರುತ್ತಿದ್ದರೂ ಒಡೆಯುತ್ತಿದ್ದ ಭೂಷಣನನ್ನು ಕಂಡು ಅವರ ಮನಸ್ಸು ಕರಗಿತು. ಚೀಲದಿಂದ ಹತ್ತಿ ತೆಗೆದು ತಾವೇ ಒತ್ತಿದರು.

"ನಿಮ್ಮದಲ್ಲದ ತಪ್ಪಿಗೆ ಇಷ್ಟು ಕಷ್ಟಪಡ್ತಿದ್ದೀರಲ್ಲ. ವಯಸ್ಸಾದವರ ತಪ್ಪನ್ನ ಹೀಗೆ ಹೊತ್ಕೊಳ್ಳೋರು ಈ ಕಾಲದಲ್ಲಿ ಯಾರಿದ್ದಾರೆ ಹೇಳಿ."

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಯಿತು. ದಂಡ ತೆರಲು ಬಂದವನಿಗೆ ಸನ್ಮಾನವಾಯಿತು. ಅವನು ಒಡೆದ ಪ್ರತಿ ಟೈಲ್ಸೂ ಮುದ್ದರಂಗಯ್ಯನ ಹೆಸರಿನ ಮೇಲೆ ಇನ್ನೊಂದು ಸುತ್ತಿಗೆ ಏಟು. ಮುದ್ದರಂಗಯ್ಯ ಕೈಯಲ್ಲಿದ್ದ ಚೂರನ್ನು ಬಾಂಡ್ಲಿಗೆ ಹಾಕದೆ ಹಾಗೇ ಹಿಡಿದುಕೊಂಡ. ಚೌಡಮ್ಮ ಪೈಪು ಕೆಳಗಿಟ್ಟಳು. ಎರಡೂ ತುದಿಯಿಂದ ನೀರು ಹರಿದುಹೋಯಿತು.

"ಭೂಷಣ, ಅಮ್ಮಾರು ಏನೋ ಅಂದ್ರಲ್ಲ" ಎಂದಳು. ದನಿ ಏರಿಸಲಿಲ್ಲ. "ಕೇಳಿಸ್ತಾ? ಕೇಳಿಸ್ದೇ ಇದ್ರೆ ಹೇಳು, ಇನ್ನೊಂದ್ಸಲ ಹೇಳ್ಸನ."

ಭೂಷಣ ಉಳಿ ಬಿಟ್ಟ. ಕಾಫಿ ಲೋಟವನ್ನು ಮುಟ್ಟಲಿಲ್ಲ. ಒಡೆದ ನೆಲವನ್ನೇ ನೋಡುತ್ತಾ, ಮುದ್ದರಂಗಯ್ಯನದಲ್ಲ, ತಪ್ಪು ತನ್ನದು ಎಂದ. ಆಕೆಗೆ ಅರ್ಥವಾಗಲಿಲ್ಲ. ಆಗ ಎದ್ದು ಚೀಲದಿಂದ ನನ್ನನ್ನು ತೆಗೆದು ಅಡುಗೆಮನೆಗೆ ಕರೆದುಕೊಂಡು ಹೋದ. ನನ್ನನ್ನು ಅದೇ ಕಟ್ಟೆಯ ಮೇಲಿಟ್ಟ. ಗುಳ್ಳೆ ಮಧ್ಯೆ ನಿಂತಿತು. ನನ್ನ ಪಕ್ಕದಲ್ಲೇ ಒಂದು ಹನಿ ನೀರು ಬಿಟ್ಟ. ಹನಿ ಸಿಂಕಿಗೆ ಓಡಿತು. ಬಿದ್ದದ್ದು, ಅಂಟಿಸಿದ್ದು, ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದ. ಅಡ್ಡಾದಿಡ್ಡಿಯಾಗಿ ಹೇಳಿದ, ಆದರೆ ಹೇಳಿದ. ಆಕೆ ತಾವೇ ಇನ್ನೊಂದು ಹನಿ ಬಿಟ್ಟು ನೋಡಿದರು. ಆಮೇಲೆ ಬಚ್ಚಲಿಗೆ ಬಂದು ಮುದ್ದರಂಗಯ್ಯನ ಎದುರು ನಿಂತು, ನನ್ನ ಮಾತು ನಾನು ವಾಪಸ್ ತಗೊಂಡೆ, ತಪ್ಪು ತಿಳ್ಕೊಂಡಿದ್ದೆ ಎಂದರು. ಅವನು ಕೈಯಲ್ಲಿದ್ದ ಚೂರನ್ನು ಬಾಂಡ್ಲಿಗೆ ಹಾಕಿದ.

ಶಾಂತವೀರಪ್ಪನಿಗೂ ಭೂಷಣನೇ ಹೇಳಿದ, ಹಾಕಿ ಮುಗಿಸಿದ ಹೊಸ ನೆಲ ನೋಡಲು ಅವನು ಬಂದ ಬೆಳಿಗ್ಗೆ, ಬಣ್ಣದವರು ಪ್ಲಂಬರು ಎಲ್ಲ ಇದ್ದಾಗ. ಶಾಂತವೀರಪ್ಪ ಕೇಳಿಸಿಕೊಂಡು ತಲೆ ಕೆರೆದುಕೊಂಡ. ನಿನ್ನ ಕಣ್ಣಿನ ಬಗ್ಗೆ ಹಾಗೆ ಅಂದೆ, ತಪ್ಪಾಯ್ತು ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ಬದಲಿಗೆ ದೊಡ್ಡ ನ್ಯಾಯಾಧೀಶನ ಹಾಗೆ ಕೈ ಎತ್ತಿ, ಆಯ್ತು ಬಿಡ್ರಯ್ಯ, ಮಹಡಿ ಕೆಲಸ ಅರ್ಧ ಅವನು, ಅರ್ಧ ಇವನು, ಇಬ್ಬರಿಗೂ ಸಮಾಧಾನ ಎಂದ. ಸುತ್ತ ನಿಂತವರು ತಲೆದೂಗಿದರು. ಒಳ್ಳೆ ತೀರ್ಮಾನ ಅಂದರು.

ಒಳ್ಳೆಯ ತೀರ್ಮಾನ! ಪೂರ್ತಿ ಯಾರದಾಗಿತ್ತೋ ಅವನಿಂದ ಪೂರ್ತಿ ಕಿತ್ತುಕೊಂಡು, ಅರ್ಧ ಹಿಂದಕ್ಕೆ ಕೊಟ್ಟು, ಅದನ್ನು ಸಮಪಾಲು ಅನ್ನುವುದು. ನನ್ನ ಗುಳ್ಳೆ ಕೆಟ್ಟು ಹೋಗಿದ್ದರೂ ನನಗೆ ಗೊತ್ತಾಗುವ ಓರೆ ಅಲ್ಲಿದ್ದ ಒಬ್ಬರಿಗೂ ಗೊತ್ತಾಗಲಿಲ್ಲ. ಮುದ್ದರಂಗಯ್ಯ ಕೈ ಒರೆಸಿಕೊಂಡ. ಮೊಳೆಯಿಂದ ಹೊಸ ಪಟ್ಟಿ ಇಳಿಸಿದ. ಕವರು ಹರಿದ. ಎರಡು ಕಡೆಗೂ ತಿರುಗಿಸಿ ನೋಡಿದ, ಅದು ಸರಿಯಾಗಿತ್ತು. ಹೆಂಡತಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿದ.

ಭೂಷಣ ಹತ್ತಲಿಲ್ಲ.

ಶಾಂತವೀರಪ್ಪ ಕೆಳಗಿನಿಂದ, ಯಾಕೋ ನಿಂತೆ, ನಿನ್ನ ಅರ್ಧ ಮೇಲಿದೆ ಎಂದ. ಭೂಷಣ ಒಂದು ಬಕೆಟ್ಟು ನೀರು, ಒಂದು ಚೂರು ಸ್ಪಂಜು ತೆಗೆದುಕೊಂಡು ಬಚ್ಚಲಿನೊಳಗೆ ಹೋಗಿ ಹೊಸ ನೆಲದ ಮೇಲೆ ಮಂಡಿಯೂರಿದ.

"ಅರ್ಧ ಯಾವುದು ಸ್ವಾಮಿ? ಮೇಲಿಂದೆಲ್ಲ ಅಣ್ಣಂದೇ. ನಂಗೆ ಇಲ್ಲಿ ಸಂದು ಒರೆಸೋದೈತೆ."

ಅದು ಚೌಡಮ್ಮನ ಕೆಲಸ, ಸಹಾಯಕರ ಕೂಲಿಯ ಕೆಲಸ. ಅವನು ಆ ಮನೆ ಮುಗಿಯುವವರೆಗೂ ಅದನ್ನೇ ಮಾಡಿದ. ಮಹಡಿಗೆ ಸಿಮೆಂಟು ಹೊತ್ತ, ಟೈಲ್ಸ್ ಹೊತ್ತ, ಸಂದು ಒರೆಸಿದ. ಯಾರೂ ಅವನಿಗೆ ಅದನ್ನು ವಿಧಿಸಿರಲಿಲ್ಲ. ಅವನು ಕೊಟ್ಟದ್ದರಲ್ಲಿ ಪೂರ್ತಿ ಮಟ್ಟವಾಗಿದ್ದದ್ದು ಇದೊಂದೇ. ಹೇಳಲು ನನಗೆ ಇಷ್ಟವಿಲ್ಲ, ಆದರೂ ಇರುವುದನ್ನು ಇದ್ದ ಹಾಗೆ ಹೇಳುವುದು ನನ್ನ ಹುಟ್ಟುಗುಣ.

ನನ್ನ ಕಥೆ ಇನ್ನೇನಿದೆ? ಗಾಜನ್ನು ಬಿಡಿಸಿ ಮತ್ತೆ ಕೂರಿಸುವ ಕೈ ಈಗ ಊರಲ್ಲಿಲ್ಲ. ಕೆಟ್ಟ ರಸಮಟ್ಟವನ್ನು ಕೆಲಸದ ಚೀಲದಲ್ಲಿ ಇಡಬಾರದು, ಅವಸರದಲ್ಲಿ ಯಾರಾದರೂ ಎತ್ತಿಕೊಂಡಾರು. ಮುದ್ದರಂಗಯ್ಯ ನನ್ನನ್ನು ಮನೆಗೆ ಒಯ್ದ. ಗಾಳಿಗೆ ಬಡಿದುಕೊಳ್ಳುವ ಅಡುಗೆಮನೆಯ ಕಿಟಕಿಗೆ ಚೌಡಮ್ಮ ನನ್ನನ್ನು ಅಡ್ಡ ಕೊಟ್ಟಳು. ಅಲ್ಲೇ ಇದ್ದೇನೆ. ಒಗ್ಗರಣೆಯ ಹೊಗೆಗೆ ಹಿತ್ತಾಳೆ ಕಪ್ಪಾಗಿದೆ. ಎಷ್ಟೋ ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದವನು ಈಗ ಒಂದು ಕಿಟಕಿಯ ಬಾಗಿಲನ್ನು ಓರೆಯಾಗಿ ನಿಲ್ಲಿಸಿಕೊಂಡಿದ್ದೇನೆ. ಎಲ್ಲರಿಗೂ ಒಂದೊಂದು ಸಿಕ್ಕಿತು. ನನಗೆ ಏನೂ ಸಿಗಲಿಲ್ಲ, ಸಿಗಬೇಕು ಎಂದು ಯಾರಿಗೂ ತೋಚಲೂ ಇಲ್ಲ. ವಸ್ತುವಿಗೆ ಏನು ಕೊಡುತ್ತಾರೆ ಎನ್ನುತ್ತೀರಿ. ಸರಿ. ಆದರೆ ಇನ್ನೊಬ್ಬರ ಸಲಕರಣೆ ಕೈಯಿಂದ ಜಾರಿದ ದಿನ, ಅಂಗಡಿಯಲ್ಲಿ ಅದರ ಬೆಲೆ ಎಷ್ಟು ಎಂದು ಮೊದಲು ಕೇಳಬೇಡಿ. ಅದನ್ನು ನಂಬಿಕೊಂಡು ಯಾರು ಏನು ಕಟ್ಟುತ್ತಿದ್ದಾರೆ ಎಂದು ಕೇಳಿ, ಓಡಿ ಹೋಗಿ ಹೇಳಿ.

ಮೊನ್ನೆ ಭೂಷಣ ಬಂದಿದ್ದ, ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆ ಕರೆಯಲು. ಚೌಡಮ್ಮ ಚಟ್ನಿಯ ಜೊತೆ ರೊಟ್ಟಿ ಕೊಟ್ಟಳು, ಈಗ ಅವನು ಕೇಳಿಯೇ ಕೈ ಹಾಕುತ್ತಾನೆ ಎಂದು ಆಡಿಕೊಂಡಳು. ತಿನ್ನುತ್ತಾ ಅವನ ಕಣ್ಣು ಕಿಟಕಿಗೆ ಬಿತ್ತು. ತುತ್ತು ಅಲ್ಲೇ ನಿಂತಿತು.

"ಅಣ್ಣ, ಅದನ್ನ ಕೊಡು. ಬೆಂಗ್ಳೂರಲ್ಲಿ ಯಾರೋ ಸರಿ ಮಾಡ್ತಾರಂತೆ. ಮಾಡಿಸ್ಕೊಂಡು ಬತ್ತೀನಿ."

ಮುದ್ದರಂಗಯ್ಯ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅವನ ಪಾಲಿನದನ್ನೂ ಇಷ್ಟು ದಿನ ನಾನೇ ಹೊತ್ತಿದ್ದೇನೆ.

"ಬ್ಯಾಡ ಬಿಡು, ಕಿಟಕಿ ಬಡ್ಕೊಂತದೆ" ಎಂದ.